ಆನ್‌ಲೈನ್‌ನಲ್ಲಿ ವೀಲ್ ಬೇರಿಂಗ್ ತರಿಸುವವರೇ, ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ಉಡುಪಿ, ಮಂಗಳೂರು ಕಡೆಯವರು ಯಾರಾದರೂ ಆನ್‌ಲೈನ್‌ನಲ್ಲಿ ಕಾರಿನ ಪಾರ್ಟ್ ತರಿಸಲು ಹೊರಟಿದ್ದರೆ ದಯವಿಟ್ಟು ಪೂರ್ತಿ ಓದಿ. ನಾನು ಕಟ್ಟಿದ 1,890 ರೂಪಾಯಿ ಇನ್ನೂ ನನ್ನ ಬ್ಯಾಂಕಿಗೆ ಬಂದಿಲ್ಲ. ಬರುತ್ತದೆ ಸರ್, ಬರುತ್ತದೆ ಸರ್ ಎಂದು ಕೇಳಿ ಕೇಳಿ ಸಾಕಾಗಿದೆ. ದುಡ್ಡು ಹೋದದ್ದಕ್ಕಿಂತ ಜಾಸ್ತಿ ಹೊಟ್ಟೆ ಉರಿಯುವುದು ಬೇರೆ ವಿಷಯಕ್ಕೆ. ಕಳಪೆ ಸಾಮಾನು ಕಳಿಸಿದ್ದು ಅವರು, ಕೊನೆಗೆ ಕಳ್ಳನಾದದ್ದು ನಾನು.

ಕಾಪುವಿನಿಂದ ಮಂಗಳೂರಿಗೆ ದಿನಾ ಕಾರಿನಲ್ಲಿ ಹೋಗಿ ಬರುವವನು ನಾನು. ಮಳೆ ಹಿಡಿದ ಮೇಲೆ ಎದುರಿನ ಎಡ ಚಕ್ರದಿಂದ ಗುಂಯ್ ಅಂತ ಸದ್ದು ಶುರುವಾಯಿತು. ಸ್ಪೀಡ್ ಅರುವತ್ತು ದಾಟಿದರೆ ಜೋರು, ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಇನ್ನೂ ಜೋರು. ನೀರು ನಿಂತ ರಸ್ತೆಯಲ್ಲಿ ಓಡಿಸಿ ಓಡಿಸಿ ವೀಲ್ ಬೇರಿಂಗಿನ (ಚಕ್ರ ಸಲೀಸಾಗಿ ತಿರುಗಲು ಅದರ ನಡುವೆ ಇರುವ ಉಕ್ಕಿನ ರಿಂಗ್) ಒಳಗೆ ನೀರು ಹೋದರೆ ಗ್ರೀಸ್ ಕೆಡುತ್ತದೆ, ನಮ್ಮ ಕಡೆ ಗಾಡಿ ಇಟ್ಟವರಿಗೆ ಇದು ಹೊಸತಲ್ಲ. ಕಟಪಾಡಿಯಲ್ಲಿ ನಾನು ಯಾವಾಗಲೂ ಹೋಗುವ ಗ್ಯಾರೇಜಿನವರು ಜಾಕ್ ಕೊಟ್ಟು ಚಕ್ರ ತಿರುಗಿಸಿ ನೋಡಿ, ಬೇರಿಂಗ್ ಹೋಗಿದೆ ಎಂದರು. ಉಡುಪಿಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸ್ಟಾಕ್ ಇರಲಿಲ್ಲ. ತರಿಸಿ ಕೊಡುತ್ತೇವೆ, ಸ್ವಲ್ಪ ದಿನ ಬೇಕು ಎಂದರು. ಆ ಸದ್ದಿನಲ್ಲಿ ಹೈವೇಯಲ್ಲಿ ಓಡಿಸಲು ನನಗೆ ಧೈರ್ಯ ಇರಲಿಲ್ಲ. ಹಾಗಾಗಿ ಆನ್‌ಲೈನ್.

ಗಾಡಿಯ ಪಾರ್ಟ್ ಮಾತ್ರ ಮಾರುವ ಸೈಟ್ ಅದು. ಕಾರಿನ ಹೆಸರು, ವರ್ಷ 2020, ಪೆಟ್ರೋಲ್, ಎಲ್ಲ ಸರಿಯಾಗಿ ಹಾಕಿದೆ. ಹಸಿರು ಟಿಕ್ ಬಂತು. "ಈ ಭಾಗ ನಿಮ್ಮ ಕಾರಿಗೆ ಹೊಂದುತ್ತದೆ." ಕೆಳಗೆ "ನೂರಕ್ಕೆ ನೂರು ಒರಿಜಿನಲ್", ಅದರ ಕೆಳಗೆ "7 ದಿನದೊಳಗೆ ಸುಲಭ ವಾಪಸಾತಿ". ಫೋಟೋದಲ್ಲಿ ಬೇರಿಂಗಿನ ರಿಂಗಿನ ಮೇಲೆ ಕಂಪನಿಯ ಹೆಸರು, ನಂಬರ್ ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು.

ಪಾರ್ಸೆಲ್ ಬಂತು. ಒಳ್ಳೆಯ ಬಾಕ್ಸ್, ಹೊಲೋಗ್ರಾಮ್ ಸ್ಟಿಕ್ಕರ್ ಕೂಡ ಇತ್ತು. ಹಾಗೆಯೇ ಗ್ಯಾರೇಜಿಗೆ ತೆಗೆದುಕೊಂಡು ಹೋದೆ. ಗ್ಯಾರೇಜಿನವರು ಸೀಲ್ ಬಿಡಿಸಿ, ಪ್ಲಾಸ್ಟಿಕ್ ಕವರಿನಿಂದ ಬೇರಿಂಗ್ ತೆಗೆದು ಬೆಳಕಿಗೆ ಹಿಡಿದು ಆಚೆ ಈಚೆ ತಿರುಗಿಸಿದರು. ರಿಂಗಿನ ಮೇಲೆ ಹೆಸರೂ ಇಲ್ಲ, ನಂಬರೂ ಇಲ್ಲ. ಆಮೇಲೆ ಬಿಲ್ ಪುಸ್ತಕಕ್ಕೆ ಚುಚ್ಚಿಟ್ಟಿದ್ದ ಒಂದು ಗುಂಡುಸೂಜಿ ತೆಗೆದು ಬೇರಿಂಗಿನ ಒಂದು ಬದಿಗೆ ತಾಗಿಸಿದರು. ಸೂಜಿ ಹಿಡಿಯಲಿಲ್ಲ, ಜಾರಿ ನೆಲಕ್ಕೆ ಬಿತ್ತು. ಇನ್ನೊಂದು ಬದಿಗೆ ತಾಗಿಸಿದರು. ಮತ್ತೆ ಬಿತ್ತು.

"ಇದರಲ್ಲಿ ಮ್ಯಾಗ್ನೆಟ್ಟೇ ಇಲ್ಲ ಮಾರಾಯ್ರೆ. ಎಬಿಎಸ್ ಇಲ್ಲದ ಗಾಡಿಯದ್ದು. ಯಾರು ಕೊಟ್ಟದ್ದು ನಿಮಗೆ?"

ಗ್ಯಾರೇಜಿನಲ್ಲಿ ಬೇರೆ ಗಿರಾಕಿಗಳೂ ಇದ್ದರು. ಎಲ್ಲರೂ ನನ್ನ ಮುಖ ನೋಡಿದರು. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ. ಮುಖ ಬಿಸಿಯಾಯಿತು.

ವಿಷಯ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎಬಿಎಸ್ ಅಂದರೆ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ. ನನ್ನ ಕಾರಿನ ಬೇರಿಂಗಿನ ಒಂದು ಬದಿಯ ಸೀಲಿನಲ್ಲಿ (ಬಾಕ್ಸಿನ ಸೀಲ್ ಅಲ್ಲ, ಬೇರಿಂಗಿನದ್ದೇ ಮುಚ್ಚಳ) ಮ್ಯಾಗ್ನೆಟ್ ಪಟ್ಟಿ ಇರುತ್ತದೆ. ಚಕ್ರ ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂದು ಸೆನ್ಸರ್ ಆ ಪಟ್ಟಿಯಿಂದ ತಿಳಿದುಕೊಳ್ಳುತ್ತದೆ. ಪಟ್ಟಿ ಇಲ್ಲದಿದ್ದರೂ ಅಳತೆ ಒಂದೇ, ಬೇರಿಂಗ್ ಸಲೀಸಾಗಿ ಕೂರುತ್ತದೆ, ಗಾಡಿಯೂ ಓಡುತ್ತದೆ. ಆದರೆ ಮೀಟರಿನಲ್ಲಿ ಎಬಿಎಸ್ ಲೈಟ್ ಉರಿಯುತ್ತದೆ, ಎಬಿಎಸ್ ಕೆಲಸ ನಿಲ್ಲಿಸುತ್ತದೆ. ಮಾಮೂಲಿ ಬ್ರೇಕ್ ಇರುತ್ತದೆ, ಸರಿ. ಆದರೆ ಜುಲೈ ಮಳೆಯಲ್ಲಿ ಪಡುಬಿದ್ರಿಯ ಹತ್ತಿರ ಎದುರಿನ ಬಸ್ಸು ಫಕ್ಕನೆ ನಿಂತು ನೀವು ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗಿ ಜಾರಿದರೆ? ಇದು ಸೀಟ್ ಕವರ್ ಅಲ್ಲ, ಬಣ್ಣ ಬೇರೆ ಬಂತು ಎಂದು ಸುಮ್ನೆ ಇರಲು. 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಮಾರುವ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯ. 2020ರ ಕಾರು ಎಂದು ಹಾಕಿದವನಿಗೆ ಎಬಿಎಸ್ ಇಲ್ಲದ ಬೇರಿಂಗ್ ತೋರಿಸಿ ಹಸಿರು ಟಿಕ್ ಕೊಡುತ್ತಾರೆ ಅಂದರೆ ಎಂತ ಹೇಳುವುದು?

ಪುಣ್ಯಕ್ಕೆ ಹಳೆಯದನ್ನು ಇನ್ನೂ ತೆಗೆದಿರಲಿಲ್ಲ. ಈ ಬೇರಿಂಗನ್ನು ಪ್ರೆಸ್ ಮೆಷಿನ್‌ನಲ್ಲಿ ಒತ್ತಿ ಕೂರಿಸಬೇಕು. ಒಮ್ಮೆ ಕೂರಿಸಿ ಮತ್ತೆ ಹೊರಗೆ ತೆಗೆದರೆ ಅದು ಹಾಳು.

ಅವತ್ತೇ ರಿಟರ್ನ್ ಹಾಕಿದೆ. ಇಲ್ಲಿಂದ ಶುರು ನೋಡಿ.

ಪಿಕಪ್‌ಗೆ ಬಂದ ಹುಡುಗ ಬಾಕ್ಸ್ ನೋಡಿ, "ಅಣ್ಣ, ಸೀಲ್ ಹರಿದಿದೆ, ಆ್ಯಪ್ ತೆಗೆದುಕೊಳ್ಳುವುದಿಲ್ಲ" ಎಂದು ಮೊಬೈಲ್ ತೋರಿಸಿದ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನದ್ದು ಸಂಬಳದ ಕೆಲಸ. ಅವನು ಗೇಟು ದಾಟುವ ಮೊದಲೇ ನನಗೆ ಮೆಸೇಜ್ ಬಂತು, "ಗ್ರಾಹಕರ ಕೋರಿಕೆಯಂತೆ ರಿಟರ್ನ್ ರದ್ದಾಗಿದೆ." ನಾನು ಯಾವಾಗ ಕೋರಿದೆ?

ಚಾಟ್‌ನಲ್ಲಿ ಕೇಳಿದೆ. ಅವರ ಉತ್ತರಗಳನ್ನು ಇದ್ದ ಹಾಗೇ ಹಾಕುತ್ತೇನೆ, ಸ್ಕ್ರೀನ್‌ಶಾಟ್ ನನ್ನ ಹತ್ತಿರ ಉಂಟು.

"ಸೀಲ್ ತೆರೆದ ವಸ್ತುವನ್ನು ವಾಪಸ್ ಪಡೆಯಲಾಗುವುದಿಲ್ಲ ಸರ್."

ಸೀಲ್ ತೆರೆಯದೆ ಒಳಗೆ ಏನಿದೆ ಎಂದು ನೋಡುವುದು ಹೇಗೆ ಎಂದು ಕೇಳಿದೆ.

"ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ ಸರ್. ಆದರೆ ಸೀಲ್ ತೆರೆದಿದೆ."

ಮರುದಿನ ಬೇರೆಯವರು. ಮತ್ತೆ ಮೊದಲಿನಿಂದ ಎಲ್ಲ ಹೇಳಬೇಕು. ಅವರು ಬರೆದದ್ದು, "ಭಾಗವನ್ನು ಕಾರಿಗೆ ಅಳವಡಿಸಿ ಹೊಂದುವುದಿಲ್ಲ ಎಂದು ವಿಡಿಯೋ ಕಳಿಸಿ." ಅವರದ್ದೇ ಸೈಟ್‌ನ ನಿಯಮದಲ್ಲಿ ಏನಿದೆ ಗೊತ್ತಾ? ಕಾರಿಗೆ ಅಳವಡಿಸಿದ ಭಾಗಕ್ಕೆ ವಾಪಸಾತಿ ಇಲ್ಲ! ಹಾಕಿದರೆ ತೆಗೆದುಕೊಳ್ಳುವುದಿಲ್ಲ, ಹಾಕದಿದ್ದರೆ ನಂಬುವುದಿಲ್ಲ. ಇದನ್ನೇ ಬರೆದು ಕಳಿಸಿದೆ. ಬಂದ ಉತ್ತರ, "ದಯವಿಟ್ಟು 48 ಗಂಟೆ ಕಾಯಿರಿ ಸರ್." ಕಾದೆ. ಮತ್ತೆ 48 ಗಂಟೆ. ಮತ್ತೆ 48 ಗಂಟೆ. ಅಷ್ಟರಲ್ಲಿ 7 ದಿನ ಮುಗಿಯಿತು. ಆಗ ಹೇಳುತ್ತಾರೆ, "ರಿಟರ್ನ್ ಅವಧಿ ಮುಗಿದಿದೆ ಸರ್."

ಕನ್ಸ್ಯೂಮರ್ ಕೋರ್ಟ್ ಹೆಸರು ಎತ್ತಿದ ಮೇಲೆ ಸ್ವಲ್ಪ ಮೆತ್ತಗಾದರು. ನೀವೇ ಕೊರಿಯರ್ ಮಾಡಿ, ಖರ್ಚು ಕೊಡುತ್ತೇವೆ ಎಂದರು. ಮಾಡಿದೆ, 180 ರೂಪಾಯಿ. ಸಾಮಾನು ಅವರ ಗೋಡೌನಿಗೆ ಮುಟ್ಟಿತು. ಆಮೇಲೆ ಬಂದ ಮೇಲ್ ಓದಿ ನನಗೆ ಕೈ ನಡುಗಿತು.

"ನೀವು ಕಳುಹಿಸಿದ ವಸ್ತುವಿನ ಮೇಲೆ ಪಾರ್ಟ್ ನಂಬರ್ ಇಲ್ಲ. ನಾವು ಮಾರುವ ಒರಿಜಿನಲ್ ವಸ್ತುವಿನ ಮೇಲೆ ನಂಬರ್ ಇರುತ್ತದೆ. ಆದ್ದರಿಂದ ಇದು ನಾವು ಕಳುಹಿಸಿದ ವಸ್ತುವಲ್ಲ."

ನಂಬರ್ ಇಲ್ಲ ಎಂದೇ ಅಲ್ವಾ ನಾನು ಇಷ್ಟು ದಿನ ಬಾಯಿ ಬಡಿದುಕೊಂಡದ್ದು! ಮೊದಲ ದಿನ ನಾನು ಕಳಿಸಿದ ಫೋಟೋದಲ್ಲೇ ನಂಬರ್ ಇಲ್ಲದ್ದು ಕಾಣುತ್ತದೆ. ಅದನ್ನೇ ತಿರುಗಿಸಿ ನನ್ನ ತಲೆಗೆ ಕಟ್ಟಿದರು. ಅಂದರೆ ನಾನು ಒರಿಜಿನಲ್ ಇಟ್ಟುಕೊಂಡು ಡುಪ್ಲಿಕೇಟ್ ಕಳಿಸಿದ್ದೇನೆ ಎಂದು. ಮನೆಯಲ್ಲಿ ಹೆಂಡತಿಗೆ ಆ ಮೇಲ್ ತೋರಿಸಲು ಕೂಡ ನಾಚಿಕೆಯಾಯಿತು.

ಮರುದಿನ ಕೇಳದೆಯೇ ಅವರ ಆ್ಯಪ್‌ನ ವಾಲೆಟ್‌ಗೆ 1,512 ರೂಪಾಯಿ ಹಾಕಿದ್ದಾರೆ. ನೂರಕ್ಕೆ ಇಪ್ಪತ್ತು ಕಡಿತ, ಅದಕ್ಕೆ "ತಪಾಸಣಾ ಶುಲ್ಕ" ಎಂದು ಹೆಸರು. ಬ್ಯಾಂಕಿಗೆ ಹಾಕಲು ಬರುವುದಿಲ್ಲ, ಅವರ ಹತ್ತಿರವೇ ಖರ್ಚು ಮಾಡಬೇಕು, ಆರು ತಿಂಗಳೊಳಗೆ. ಕೊರಿಯರ್ ದುಡ್ಡಿನ ಸುದ್ದಿಯೇ ಇಲ್ಲ. ನಾನು ಡುಪ್ಲಿಕೇಟ್ ಕಳಿಸಿದ್ದು ನಿಜವಾದರೆ ಒಂದು ರೂಪಾಯಿಯಾದರೂ ಯಾಕೆ ಕೊಡುತ್ತೀರಿ? ಸುಳ್ಳಾದರೆ 378 ರೂಪಾಯಿ ಯಾಕೆ ಹಿಡಿಯುತ್ತೀರಿ? ಕೇಳಿದೆ. "ಇದು ನಮ್ಮ ಕಡೆಯಿಂದ ಸದ್ಭಾವನೆಯ ಕ್ರಮ ಸರ್" ಎಂದು ಬರೆದು ಚಾಟ್ ಮುಚ್ಚಿದರು. ಆ ವಾಲೆಟ್ ದುಡ್ಡನ್ನು ನಾನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ.

ಬೇರಿಂಗ್ ಕೊನೆಗೆ ಮಂಗಳೂರಿನ ಅಂಗಡಿಯಲ್ಲಿ ಸಿಕ್ಕಿತು. ರೇಟ್ ಜಾಸ್ತಿಯೇ. ಆದರೆ ಅಂಗಡಿಯವರು ಕೌಂಟರಿನ ಮೇಲೆ ಬಾಕ್ಸ್ ಬಿಚ್ಚಿ ನಂಬರ್ ತೋರಿಸಿ, ಹಾಕುವ ಮೊದಲು ಏನಾದರೂ ವ್ಯತ್ಯಾಸ ಕಂಡರೆ ತನ್ನಿ, ಬದಲಿಸಿ ಕೊಡುತ್ತೇನೆ ಎಂದರು. ಕಟಪಾಡಿಯಲ್ಲಿ ಸೂಜಿ ತಾಗಿಸಿದಾಗ ಮೆಲ್ಲಗೆ ಹಿಡಿದುಕೊಂಡಿತು. ಆ ಬದಿ ಸೆನ್ಸರಿನ ಕಡೆಗೇ ಬರಬೇಕು, ತಿರುವಿ ಕೂರಿಸಿದರೆ ಮತ್ತೆ ಅದೇ ಕಥೆ. ಈಗ ಸದ್ದು ಇಲ್ಲ, ಲೈಟೂ ಇಲ್ಲ.

ನನ್ನ ಹಾಗೆ ಆಗಬಾರದು ಎಂದರೆ ಸೈಟ್‌ನ ಹಸಿರು ಟಿಕ್ ನಂಬಬೇಡಿ. ಮೆಕ್ಯಾನಿಕ್ ಹತ್ತಿರ ಕೇಳಿ ಪಾರ್ಟ್ ನಂಬರ್ ಹಿಡಿದೇ ಹುಡುಕಿ. ಪಾರ್ಸೆಲ್ ಬಿಚ್ಚುವಾಗ ಅಡ್ರೆಸ್ ಲೇಬಲ್‌ನಿಂದ ಹಿಡಿದು ರಿಂಗಿನವರೆಗೂ ಒಂದೇ ವಿಡಿಯೋ ಮಾಡಿ, ಮಧ್ಯೆ ನಿಲ್ಲಿಸಬೇಡಿ. ಫೋಟೋ ಸಾಲುವುದಿಲ್ಲ, ನನ್ನ ಫೋಟೋಗಳಿಗೆ ಏನು ಬೆಲೆ ಸಿಕ್ಕಿತು ಎಂದು ನೋಡಿದಿರಲ್ಲ. ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿ ಫೋನ್ ಮಾಡಬೇಡಿ, ರೀಫಂಡ್ ಲಿಂಕ್ ಕಳಿಸುವ ಕಳ್ಳರೇ ಅಲ್ಲಿ ಜಾಸ್ತಿ.

ಇನ್ನೊಂದು. "ನಮ್ಮ ಪಾಲಿಸಿ, ನಮ್ಮ ಪಾಲಿಸಿ" ಎಂದು ಅವರು ಹೇಳಿದರೆ ಹೆದರಬೇಡಿ. 2020ರ ಇ-ಕಾಮರ್ಸ್ ನಿಯಮದಲ್ಲಿ ಸ್ಪಷ್ಟವಾಗಿ ಉಂಟು. ಸಾಮಾನು ದೋಷದ್ದಾದರೆ, ನಕಲಿಯಾದರೆ, ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ ಮಾರಿದವನು ವಾಪಸ್ ತೆಗೆದುಕೊಳ್ಳುವುದಿಲ್ಲ ಎನ್ನುವಂತಿಲ್ಲ, ದುಡ್ಡು ಕೊಡುವುದಿಲ್ಲ ಎನ್ನುವಂತಿಲ್ಲ. ಸೈಟ್‌ನ ದೂರು ಅಧಿಕಾರಿ 48 ಗಂಟೆಯಲ್ಲಿ ದೂರು ಸ್ವೀಕರಿಸಿದ್ದೇವೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಚಾಟ್‌ನಲ್ಲಿ ದಿನ ಕಳೆಯುವ ಬದಲು ಮೊದಲ ದಿನವೇ ಆ ಅಧಿಕಾರಿಗೆ ಮೇಲ್ ಹಾಕಿ. ಹೆಸರು ಸೈಟ್‌ನ ತೀರಾ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ.

ನಾನು 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಕಂಪನಿ ಯಾವ ಊರಿನದ್ದೇ ಆಗಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷದವರೆಗಿನ ವ್ಯವಹಾರಕ್ಕೆ ಫೀಸ್ ಇಲ್ಲ, ವಕೀಲರು ಬೇಕೇ ಬೇಕು ಎಂದೂ ಇಲ್ಲ. 378 ರೂಪಾಯಿಗೆ ಇಷ್ಟೆಲ್ಲ ಯಾಕೆ ಎಂದು ಅಣ್ಣ ಕೇಳಿದರು. ಜನ ಹಾಗೆ ಬಿಟ್ಟುಬಿಡುತ್ತಾರೆ ಎಂಬ ಧೈರ್ಯದಲ್ಲೇ ಅಲ್ವಾ ಇವರು ವ್ಯಾಪಾರ ಮಾಡುವುದು?

ನಿನ್ನೆ ಆ ಸೈಟ್ ತೆರೆದು ನೋಡಿದೆ. ಅದೇ ಫೋಟೋ, ಅದೇ ಬೇರಿಂಗ್, ಮಾರುವವನ ಹೆಸರು ಮಾತ್ರ ಬೇರೆ. 2020ರ ಕಾರು ಹಾಕಿದರೆ ಈಗಲೂ ಹಸಿರು ಟಿಕ್ ಬರುತ್ತದೆ. ನಮ್ಮ ಕಡೆ ಯಾರಾದರೂ ಇದನ್ನು ತರಿಸಿದ್ದರೆ ಇವತ್ತೇ ಬಾಕ್ಸ್ ಬಿಚ್ಚಿ ಸೂಜಿ ತಾಗಿಸಿ ನೋಡಿ. ಹಿಡಿಯದಿದ್ದರೆ ಕಾರಿಗೆ ಹಾಕಿಸಬೇಡಿ, ಬಿಲ್ ಬಿಸಾಡಬೇಡಿ, ನನಗೆ ತಿಳಿಸಿ. ಒಟ್ಟಿಗೆ ದೂರು ಕೊಡುವ.