ಬಾಲ್ ಜಾಯಿಂಟ್ ಬದಲಿಸಲು ಯಾವ ಟೂಲ್‌ಗೆ ದುಡ್ಡು ಹಾಕಬೇಕು? ಎಫ್-250 ಮೇಲೆ ಒಂದು ಹೋಲಿಕೆ

ಫೋರ್ಡ್ ಎಫ್-250 ಸೂಪರ್ ಡ್ಯೂಟಿಯ ಫೋರ್-ವ್ಹೀಲ್ ಡ್ರೈವ್ ಮಾದರಿಯಲ್ಲಿ ಮುಂದಿನ ಆಕ್ಸಲ್ ಒಂದೇ ಗಟ್ಟಿ ತೊಲೆ. ಪ್ರತಿ ಬದಿಗೆ ಮೇಲೊಂದು, ಕೆಳಗೊಂದು ಬಾಲ್ ಜಾಯಿಂಟ್ (ಚಕ್ರ ಹೊರಳಲು ಬಿಡುವ ಗುಂಡಿನ ಕೀಲು), ಎರಡೂ ನಕಲ್‌ನ (ಹಬ್ ಹೊತ್ತು ಸ್ಟೀರಿಂಗ್ ಜೊತೆ ತಿರುಗುವ ಲೋಹದ ಭಾಗ) ತೂತಿನಲ್ಲಿ ಪ್ರೆಸ್ ಆಗಿ ಕೂತಿರುತ್ತವೆ. ಹಬ್, ಆಕ್ಸಲ್ ಶಾಫ್ಟ್ ಹೊರಗೆ ಬಂದ ಮೇಲೆ ಉಳಿಯುವುದು ಎರಡು ಕೆಲಸ: ಟೇಪರ್ (ಜಾಯಿಂಟ್‌ನ ಸ್ಟಡ್, ಅಂದರೆ ನಟ್ ಕೂರುವ ಕಡ್ಡಿ, ಬಿಗಿಯಾಗಿ ಕಚ್ಚಿಕೊಂಡಿರುವ ಓರೆ ಭಾಗ) ಬಿಡಿಸಿ ನಕಲ್ ಇಳಿಸುವುದು, ಆಮೇಲೆ ಹಳೆ ಜಾಯಿಂಟ್ ತಳ್ಳಿ ಹೊಸದನ್ನು ಕೂರಿಸುವುದು. ಮೊದಲನೆಯದಕ್ಕೆ ದುಡ್ಡು ಸುರಿಯಬೇಡಿ, ಎರಡನೆಯದಕ್ಕೆ ಕೈ ಬಿಗಿ ಹಿಡಿಯಬೇಡಿ.

ಟೇಪರ್ ಬಿಡಿಸಲು ಮೂರು ದಾರಿ. ಎಲ್ಲಕ್ಕಿಂತ ಅಗ್ಗದ್ದು 3-4 ಪೌಂಡ್ ಸುತ್ತಿಗೆ. ನಟ್ ಪೂರ್ತಿ ಬಿಚ್ಚದೆ ಮೂರ್ನಾಲ್ಕು ಸುತ್ತು ಥ್ರೆಡ್ ಮೇಲೆ ಬಿಟ್ಟು, ಟೇಪರ್ ಕೂತಿರುವ ದಪ್ಪ ಭಾಗದ ಪಕ್ಕಕ್ಕೆ ಹೊಡೆಯಬೇಕು. ಆ ನಟ್ ಇಲ್ಲದಿದ್ದರೆ ಭಾರವಾದ ನಕಲ್ ಒಮ್ಮೆಲೇ ಕಾಲ ಮೇಲೆ ಬೀಳುತ್ತದೆ. ಸ್ಟಡ್‌ನ ತುದಿಗೆ ಹೊಡೆದರೆ ಅದು ಅಣಬೆಯಂತೆ ಅರಳಿ ತೂತಿನಿಂದ ಹೊರಬರುವುದೇ ಇಲ್ಲ.

ಎರಡು ಕವಲಿನ ಬೆಣೆಯಂಥ ಫೋರ್ಕ್ ಇದಕ್ಕಿಂತ ವೇಗ, ಆದರೆ ರಬ್ಬರ್ ಬೂಟ್ (ಜಾಯಿಂಟ್‌ನ ಧೂಳು ತಡೆಯುವ ಹೊದಿಕೆ) ಹರಿಯುವುದು ಖಚಿತ. ಹೇಗೂ ಬದಲಿಸುವ ಜಾಯಿಂಟ್‌ಗೆ ಪರವಾಗಿಲ್ಲ. ಮೂರರ ಸೆಟ್‌ನಲ್ಲಿ ಸಾಮಾನ್ಯವಾಗಿ 11/16 ಇಂಚಿನದು ಟೈ ರಾಡ್‌ಗೆ (ಚಕ್ರ ತಿರುಗಿಸುವ ಸ್ಟೀರಿಂಗ್ ಸರಳು), 15/16 ಬಾಲ್ ಜಾಯಿಂಟ್‌ಗೆ, 1-1/8 ಪಿಟ್‌ಮನ್ ಆರ್ಮ್‌ಗೆ (ಸ್ಟೀರಿಂಗ್ ಪೆಟ್ಟಿಗೆಯ ತೋಳು). ಚಿಕ್ಕದನ್ನು ದೊಡ್ಡ ಸ್ಟಡ್‌ಗೆ ಬಲವಂತವಾಗಿ ತುರುಕಿದರೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಕತ್ತರಿಯಂತೆ ಬಾಯಿ ತೆರೆಯುವ ಬೋಲ್ಟ್ ಪುಲ್ಲರ್ ಬೂಟ್ ಉಳಿಸುತ್ತದೆ. ಮತ್ತೆ ಹಾಕಬೇಕಾದ ಟೈ ರಾಡ್‌ಗೆ ಅದೇ ಸರಿ. ತುಕ್ಕು ಹಿಡಿದ ಕೆಳಗಿನ ಬಾಲ್ ಜಾಯಿಂಟ್‌ಗೆ ಮಾತ್ರ ಅಗ್ಗದ ಪುಲ್ಲರ್ ಸಾಲದು: ಬೋಲ್ಟ್ ಬಾಗುತ್ತದೆ, ಇಲ್ಲವೇ ಬಾಯಿ ಜಾರುತ್ತದೆ. ನನ್ನ ಆಯ್ಕೆ ಸುತ್ತಿಗೆ, ಜೊತೆಗೆ ಟೈ ರಾಡ್‌ಗೆ ಈ ಪುಲ್ಲರ್. ಫೋರ್ಕ್ ಇಲ್ಲದೆಯೂ ನಡೆಯುತ್ತದೆ.

ನಿಜವಾದ ಹೋಲಿಕೆ ಇರುವುದು ಪ್ರೆಸ್‌ನಲ್ಲಿ. ಅಮೆರಿಕದಲ್ಲಿ ಆಟೋಝೋನ್‌ನಂಥ ಬಿಡಿಭಾಗಗಳ ಅಂಗಡಿಗಳು ಸಿ-ಫ್ರೇಮ್ ಪ್ರೆಸ್ (ಸಿ ಆಕಾರದ ಚೌಕಟ್ಟಿನಲ್ಲಿ ಸ್ಕ್ರೂ ತಿರುಗಿಸಿ ಒತ್ತುವ ಟೂಲ್) ಎರವಲು ಕೊಡುತ್ತವೆ. ಠೇವಣಿ ಕಟ್ಟಿ, ಟೂಲ್ ಮರಳಿಸಿದಾಗ ಪೂರ್ತಿ ವಾಪಸ್. ಒಂದೇ ಗಾಡಿ, ಒಂದೇ ಸಲದ ಕೆಲಸವೆಂದರೆ ಇದಕ್ಕಿಂತ ಅಗ್ಗ ಇಲ್ಲ. ಆದರೆ ಪೆಟ್ಟಿಗೆಯನ್ನು ಕೌಂಟರ್‌ನಲ್ಲೇ ತೆರೆಯಿರಿ. ಸ್ಕ್ರೂ ತುದಿಯಿಂದ ತುದಿಗೆ ಬರೀ ಕೈಯಲ್ಲಿ ತಿರುಗಬೇಕು. ಎಲ್ಲಾದರೂ ತಡೆದರೆ ಹಿಂದಿನವರು ಥ್ರೆಡ್ ಕೆಡಿಸಿದ್ದಾರೆ ಎಂದರ್ಥ. ಜಾಯಿಂಟ್‌ಗೆ ಆನಿಸುವ ಉಂಗುರದಂಥ ಕಪ್‌ಗಳನ್ನು ಎಣಿಸಿ, ಫೋರ್-ವ್ಹೀಲ್ ಡ್ರೈವ್ ಅಡಾಪ್ಟರ್‌ಗಳು ಬೇರೆ ಪೆಟ್ಟಿಗೆಯಲ್ಲಿ ಬರುವುದುಂಟು.

ಅಗ್ಗದ ಸ್ವಂತ ಸೆಟ್‌ನಲ್ಲಿ ಕಪ್‌ಗಳು ಪೂರ್ತಿ ಇರುತ್ತವೆ, ಸ್ಕ್ರೂ ಹೊಸದು. ಅದರ ದೌರ್ಬಲ್ಯವೆಂದರೆ ಹೊರೆ ಬಿದ್ದಾಗ ಫ್ರೇಮ್ ಕೊಂಚ ಬಾಯಿ ಬಿಡುತ್ತದೆ, ಆಗ ಸ್ಕ್ರೂ ಓರೆಯಾಗಿ ಜಾಯಿಂಟೂ ಓರೆಯಾಗಿ ಹೋಗುತ್ತದೆ. ಪ್ರತಿ ಜಾಯಿಂಟ್‌ಗೂ ಮೊದಲು ಸ್ಕ್ರೂಗೆ ಮಾಲಿ (ಮಾಲಿಬ್ಡಿನಮ್ ಇರುವ) ಗ್ರೀಸ್ ಹಚ್ಚಿ. ಒಣ ಥ್ರೆಡ್ ಮೇಲೆ ಇಂಪ್ಯಾಕ್ಟ್ ಗನ್ ಓಡಿಸುವುದೇ ಈ ಸೆಟ್‌ಗಳು ಸಾಯುವ ಮುಖ್ಯ ಕಾರಣ. ಉದ್ದ ಬ್ರೇಕರ್ ಬಾರ್ ಸಾಕು: ಬಿಗಿ ಮಾಡಿ, ನಕಲ್‌ನ ಪಕ್ಕಕ್ಕೆ ಒಂದೇಟು ಕೊಡಿ, ಮತ್ತೆ ಬಿಗಿ ಮಾಡಿ. ಜಾಯಿಂಟ್ ಗುಂಡಿನ ಸದ್ದಿನೊಂದಿಗೆ ಬಿಟ್ಟುಕೊಡುತ್ತದೆ, ಮುಖ ಪಕ್ಕಕ್ಕಿರಲಿ.

ಗ್ಯಾರೇಜ್‌ನ ಹೈಡ್ರಾಲಿಕ್ ಪ್ರೆಸ್ ಬಲದಲ್ಲಿ ಎಲ್ಲಕ್ಕೂ ಮೇಲು. ಆದರೆ ನಕಲ್‌ನ ಅಂಕುಡೊಂಕು ಆಕಾರ ಮೇಜಿನ ಮೇಲೆ ನೆಟ್ಟಗೆ ನಿಲ್ಲುವುದಿಲ್ಲ, ಹೇಗೂ ಕಪ್‌ಗಳು ಬೇಕೇ ಬೇಕು. ಈಗಾಗಲೇ ಇದ್ದರೆ ಬಳಸಿ, ಇದಕ್ಕಾಗಿಯೇ ಕೊಳ್ಳಬೇಡಿ.

ತೆಗೆಯುವಾಗ ಸ್ನ್ಯಾಪ್ ರಿಂಗ್ (ಜಾಯಿಂಟ್ ಜಾರದಂತೆ ಹಿಡಿಯುವ ಉಂಗುರ) ಬಿಡಿಸಿ, ಕೆಳಗಿನ ಜಾಯಿಂಟ್ ಮೊದಲು. ಅದು ಹೋಗದೆ ಮೇಲಿನದಕ್ಕೆ ಪ್ರೆಸ್ ಹಿಡಿಯಲು ಜಾಗ ಸಿಗದು. ಕೂರಿಸುವಾಗ ಕಪ್‌ನ ಅಂಚು ಜಾಯಿಂಟ್‌ನ ಭುಜದ ಮೇಲೆ ಒತ್ತಬೇಕು, ನಡುವಿನ ಮುಚ್ಚಳದ ಮೇಲಲ್ಲ. ಕಾಲು ಭಾಗ ಹೋದ ಮೇಲೆ ನಿಲ್ಲಿಸಿ ಸುತ್ತಲೂ ಅಂತರ ಸಮವಾಗಿದೆಯೇ ನೋಡಿ. ಓರೆಯಾಗಿದ್ದರೆ ಹೊರತೆಗೆದು ಮತ್ತೆ ಶುರು ಮಾಡಿ. ಬಲವಂತ ಮಾಡಿದರೆ ತೂತು ಅಗಲವಾಗಿ ನಕಲ್ಲೇ ಹಾಳು. ಕೊನೆಗೆ ಟಾರ್ಕ್ ರೆಂಚ್: ಕೆಳಗಿನ ನಟ್ 35 ಅಡಿ-ಪೌಂಡ್, ಮೇಲಿನದು 70, ಮತ್ತೆ ಕೆಳಗಿನದು 150. ನಿಮ್ಮ ಮಾದರಿ ವರ್ಷದ ಮ್ಯಾನುಯಲ್ ಜೊತೆ ತಾಳೆ ನೋಡಿಕೊಳ್ಳಿ. ನಟ್ ಸಡಿಲವಾಗದಂತೆ ತಡೆಯುವ ಕಾಟರ್ ಪಿನ್ ತೂತು ಸೇರದಿದ್ದರೆ ನಟ್ ಸಡಿಲಿಸದೆ, ಮುಂದಿನ ಸೀಳಿನವರೆಗೆ ಬಿಗಿ ಮಾಡಿ.