ಒಂದು ಮಾರು ಟಿಕೆಟ್: ಸ್ಯಾನ್ ಫ್ರಾನ್ಸಿಸ್ಕೋದ ಈಗಲ್ ಬಾರ್, ಎಂಟು ವರ್ಷಗಳ ನಂತರ

ಬಿಯರ್ ಬಗ್ಗೆ ಬರೆಯಲ್ಲ, ಅದು ಎಲ್ಲ ಬಾರ್‌ನಲ್ಲೂ ಸಿಗುತ್ತೆ. ಟಿಕೆಟ್ ಬಗ್ಗೆ ಬರೀತೀನಿ.

ಈಗಲ್ ಒಂದು ಗೇ ಬಾರ್. ಭಾನುವಾರ ಮಧ್ಯಾಹ್ನ ಇಲ್ಲಿ 'ಬಿಯರ್ ಬಸ್ಟ್'. ದುಡ್ಡು ಕೊಟ್ಟು ಪ್ಲಾಸ್ಟಿಕ್ ಲೋಟ ಇಸ್ಕೊಂಡು ಅಂಗಳಕ್ಕೆ ಹೋಗೋದು. ಕೂಡಿದ ಹಣ ಆವತ್ತು ಯಾವ ಸಂಘದ ಸರದಿಯೋ ಅದಕ್ಕೆ. ಜೊತೆಗೆ ಲಕ್ಕಿ ಡ್ರಾ ಟಿಕೆಟ್ ಮಾರ್ತಾರೆ. ಇಪ್ಪತ್ತು ಡಾಲರಿಗೆ ಎಷ್ಟು ಅಂತ ಮೊದಲ ಸಲ ಕೇಳಿದಾಗ, ಮಾರುತ್ತಿದ್ದವನು ಎರಡೂ ಕೈ ಅಗಲಿಸಿ, ಸುರುಳಿಯನ್ನ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಎಳೆದು, ಚರ್ರಂತ ಹರಿದು ಕೊಟ್ಟ. ಅದು ಮಾರು! ಗಾಂಧಿ ಬಜಾರಿನಲ್ಲಿ ಸೇವಂತಿಗೆ ಅಳೆಯೋ ಲೆಕ್ಕ. ಊರು ಬಿಟ್ಟ ಮೇಲೆ ಅಷ್ಟು ಹತ್ತಿರದ್ದು ಅನ್ನಿಸಿದ್ದು ಅವತ್ತೇ.

ಫೋನಿನಲ್ಲಿ ಅಮ್ಮನಿಗೆ ಹೇಳಿದರೆ, "ಉದ್ದ ಕೈಯವರ ಹತ್ರ ತಗೋ ಕಣೋ" ಅಂದಳು. ನಾನು ಗೇ ಅಂತ ಗೊತ್ತಾದ ಮೇಲೆ ನನ್ನ ಭಾನುವಾರಗಳ ಬಗ್ಗೆ ಅಮ್ಮ ಆಡಿದ ಮೊದಲ ಮಾತು ಅದು.

ಬೇಸರದ ವಿಷಯವೂ ಇದೆ. ನಾವು ದಾನ ಕೊಟ್ಟಷ್ಟೇ ಹಣ ತಾನೂ ಸೇರಿಸುವ ಸ್ಕೀಮ್ ನನ್ನ ಕಂಪನಿಯಲ್ಲಿದೆ. ಈ ಹಣ ತೋರಿಸಿದರೆ, ಬಾರ್‌ನಲ್ಲಿ ಕೊಟ್ಟಿದ್ದು ದಾನ ಅಲ್ಲ ಅಂತ ಅರ್ಜಿ ವಾಪಸ್. ಎರಡು ಸಲ. ನನಗೆ ನಿಜಕ್ಕೂ ಸಿಟ್ಟು ಬಂತು. ಈ ಊರಿನ ಗೇ ಬಾರ್‌ನವರು 1962ರಲ್ಲೇ ಟ್ಯಾವರ್ನ್ ಗಿಲ್ಡ್ ಅಂತ ಸಂಘ ಕಟ್ಟಿ, ಪೊಲೀಸ್ ದಾಳಿಯಲ್ಲಿ ಸಿಕ್ಕವರಿಗೆ ವಕೀಲರನ್ನ ಗೊತ್ತುಮಾಡಿದವರು. ಈಗಲ್ ಬಾಗಿಲು ತೆಗೆದದ್ದು 1981ರಲ್ಲಿ. ಏಡ್ಸ್‌ನ ಮೊದಲ ವರದಿ ಬಂದದ್ದೂ ಅದೇ ವರ್ಷ ಜೂನ್‌ನಲ್ಲಿ. ಮರುವರ್ಷ ರೋಗಿಗಳ ಬಾಡಿಗೆ, ಕರೆಂಟ್ ಬಿಲ್ ಕಟ್ಟಲು ಏಡ್ಸ್ ಎಮರ್ಜೆನ್ಸಿ ಫಂಡ್ ಹುಟ್ಟಿತು. ಅಂಥದ್ದಕ್ಕೆಲ್ಲ ಇಂಥ ಅಂಗಳಗಳಲ್ಲೇ ಚಿಲ್ಲರೆ ಕೂಡಿಸಿದ್ದು. ಮನೆಯವರೇ ಹತ್ತಿರ ಸೇರಿಸದ ಹುಡುಗರಿಗೆ ಬಾಡಿಗೆ ಕಟ್ಟಿದ್ದು ದಾನ ಅಲ್ಲದೆ ಇನ್ನೇನು?

ಎಪ್ಪತ್ತು ದಾಟಿದ ಒಬ್ಬರು ಪ್ರತಿ ವಾರ ಒಂದು ಮಾರು ತಗೊಂಡು, ಸೀರೆ ನೆರಿಗೆ ಹಿಡಿದ ಹಾಗೆ ಮಡಚಿ ಜೇಬಿಗೆ ಹಾಕ್ತಾರೆ. ನಂಬರ್ ಕೂಗುವಾಗ ತೆಗೆದು ನೋಡಲ್ಲ. ಒಮ್ಮೆ ಕೇಳಿದ್ದಕ್ಕೆ, ಜೊತೆಗಾರ ಹಾಸಿಗೆ ಹಿಡಿದಾಗ ಮೂರು ತಿಂಗಳ ಬಾಡಿಗೆ ಇಂಥ ಹಣದಿಂದಲೇ ಬಂತು, ಇದು ಅದರ ಕಂತು ಅಂದರು. ಆಮೇಲೆ ನಾನೂ ಕಂಪನಿಗೆ ಅರ್ಜಿ ಹಾಕೋದು ಬಿಟ್ಟೆ, ಬದಲಿಗೆ ಎರಡು ಮಾರು ತಗೋತೀನಿ. ನನ್ನ ಬಜೆಟ್ಟಿಗೆ ವಾರಕ್ಕೆ ನಲವತ್ತು ಡಾಲರ್ ಹೆಚ್ಚೇ. ಶನಿವಾರ ಹೋಟೆಲ್ ಊಟ ಬಿಟ್ಟು ಸರಿದೂಗಿಸ್ತೀನಿ.

2011ರಲ್ಲಿ ಈಗಲ್ ಮುಚ್ಚಿತ್ತು. ಮತ್ತೆ ತೆರೆದದ್ದು 2013ರಲ್ಲಿ, ಹೊಸ ಮಾಲೀಕರ ಕೈಯಲ್ಲಿ. 2021ರಲ್ಲಿ ನಗರಾಡಳಿತ ಇದನ್ನ ಅಧಿಕೃತ ಹೆಗ್ಗುರುತು ಅಂತ ಘೋಷಿಸಿತು. ಸಂತೋಷ. ಆದರೆ ಬಿರುದಿನಿಂದ ಬಾಗಿಲು ತೆರೆದಿರಲ್ಲ, ಜನ ಬರಬೇಕು.

ಹೋಗುವವರು ಜಾಕೆಟ್ ಹಾಕ್ಕೊಳ್ಳಿ, ಸಂಜೆ ಗಾಳಿ ಕೊರೆಯುತ್ತೆ. ನಗದು ಇಟ್ಕೊಳ್ಳಿ. ಟಿಕೆಟ್‌ಗೆ ಎತ್ತರದವರನ್ನೇ ಹುಡುಕಿ.