ಗಡಾಯಿಕಲ್ಲು, ಮಂಜೂಷಾ, ಬಾವುಟಗುಡ್ಡೆ: ಕೋಟೆಗೆ ಹೋಗುವುದೋ, ಭಂಡಾರಕ್ಕೋ?

ಬೆಟ್ಟದ ತುದಿಯಲ್ಲೊಂದು ಕೋಟೆ, ಆ ಕೋಟೆಯೊಳಗೇ ಹಳೆಯ ಕಾಲದ ಆಯುಧ, ಆಭರಣ, ಓಲೆಗರಿಗಳ ಸಂಗ್ರಹ, ಎರಡನ್ನೂ ಒಂದೇ ಟಿಕೇಟಿನಲ್ಲಿ ನೋಡಿ ಸಂಜೆಗೆ ಮನೆ ಸೇರುವ ಅನುಕೂಲ ನಮ್ಮ ಮಂಗಳೂರಿನ ಆಸುಪಾಸಿನಲ್ಲಿ ಇಲ್ಲ. ಇಲ್ಲಿ ಕೋಟೆ ಒಂದು ಕಡೆ, ಭಂಡಾರ ಇನ್ನೊಂದು ಕಡೆ. ಕಳೆದ ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಬಂದ ಅಕ್ಕ, ಭಾವ ಮತ್ತು ಅವರ ಹತ್ತು ವರ್ಷದ ಮಗಳು ಇವೆರಡನ್ನೂ ನೋಡಬೇಕೆಂದು ಹಟ ಹಿಡಿದಾಗ, ಅವರ ಜೊತೆಗೆ ನಮ್ಮ ಅಮ್ಮನನ್ನೂ ಕರೆದುಕೊಂಡು ಮೂರು ಸ್ಥಳಗಳಿಗೆ ಹೋಗಿಬಂದೆ. ಅದರಲ್ಲಿ ಎರಡನ್ನು ಒಂದೇ ದಿನಕ್ಕೆ ಸೇರಿಸಿದ್ದು ನಾನು ಮಾಡಿದ ತಪ್ಪು.

ಮೊದಲು ಗಡಾಯಿಕಲ್ಲು. ಮಂಗಳೂರಿನಿಂದ ಸುಮಾರು 65 ಕಿ.ಮೀ., ಬೆಳ್ತಂಗಡಿ ಪೇಟೆಯಿಂದ ಎಂಟು ಕಿ.ಮೀ. ದೂರ. ಸುತ್ತಲಿನ ಅಡಿಕೆ ತೋಟಗಳ ನಡುವಿನಿಂದ ಒಂಟಿಯಾಗಿ ಎದ್ದು ನಿಂತ ಈ ಬಂಡೆಯ ತುದಿ ಸಮುದ್ರಮಟ್ಟದಿಂದ ಸುಮಾರು 1,700 ಅಡಿ ಎತ್ತರದಲ್ಲಿದೆ. ಹಿಂದೆ ನರಸಿಂಹಗಡವೆಂದು ಕರೆಸಿಕೊಳ್ಳುತ್ತಿದ್ದ ಈ ನೆಲೆಯಲ್ಲಿ 1794ರಲ್ಲಿ ಟಿಪ್ಪು ಸುಲ್ತಾನ್ ಕೋಟೆ ಕಟ್ಟಿಸಿ, ಅದನ್ನು ಜಮಾಲಾಬಾದ್ ಎಂದು ಕರೆದನು. ಶ್ರೀರಂಗಪಟ್ಟಣ ಬಿದ್ದ 1799ರಲ್ಲಿಯೇ ಅದು ಬ್ರಿಟಿಷರ ಕೈಸೇರಿತು. ಅಂದರೆ ಕಟ್ಟಿಸಿದವನ ಕೈಯಲ್ಲಿ ಕೋಟೆ ಉಳಿದದ್ದು ಐದೇ ವರ್ಷ.

ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು 1,876 ಎಂದು ಹೇಳುತ್ತಾರೆ. ಅಕ್ಕನ ಮಗಳು ಎಣಿಸುತ್ತಲೇ ಹತ್ತಿದಳು, ಸಾವಿರ ದಾಟಿದ ಮೇಲೆ ನೀರು ಕುಡಿಯಲು ಕುಳಿತು ಲೆಕ್ಕ ತಪ್ಪಿದಳು. ಈ ಮೆಟ್ಟಿಲುಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಕೋಟೆಯ ಮರ್ಮ ಇರುವುದು ಅವುಗಳಲ್ಲಿಯೇ. ಕೆಲವು ಕಡೆ ಒಂದು ಮೆಟ್ಟಿಲು ಮೊಣಕಾಲೆತ್ತರ, ಅದರ ಮುಂದಿನದು ಗೇಣೆತ್ತರ. ಇನ್ನು ಕೆಲವು ಕಡೆ ಪಾದದ ಅರ್ಧ ಮಾತ್ರ ಕಲ್ಲಿನ ಮೇಲೆ ಕೂರುತ್ತದೆ, ಹಿಮ್ಮಡಿ ಗಾಳಿಯಲ್ಲಿಯೇ ಉಳಿಯುತ್ತದೆ. ಒಂದೇ ಲಯದಲ್ಲಿ ಹತ್ತಲು ಸಾಧ್ಯವೇ ಇಲ್ಲ. ಮೇಲಿನ ದಾರಿ ಇದೊಂದೇ, ಉಳಿದ ಕಡೆಯೆಲ್ಲ ಬಂಡೆ ನೇರವಾಗಿ ಕೆಳಗಿಳಿದಿದೆ. ಆದ್ದರಿಂದ ಇಲ್ಲಿ ಕಟ್ಟಿದ ಗೋಡೆಗಿಂತ ಕಟ್ಟದ ಬಂಡೆಯೇ ಹೆಚ್ಚಿನ ಕೋಟೆ ಎಂಬುದು ಹತ್ತುವಾಗ ಮೊಣಕಾಲಿಗೇ ಅರ್ಥವಾಗುತ್ತದೆ.

ತುದಿಯಲ್ಲಿ ಏನಿದೆ ಎಂದು ಕೇಳಿದರೆ ಉತ್ತರ ಚಿಕ್ಕದು. ಕುಸಿದ ಗೋಡೆ, ಮಳೆನೀರು ನಿಲ್ಲುವ ಒಂದು ಕೆರೆ, ಒಂದು ಫಿರಂಗಿಯ ಅವಶೇಷ, ಈಚಿನ ಕಾಲದ ರಿಲೇ ಕೇಂದ್ರವೊಂದರ ಪಾಳು. ಭಾವ ಕೆರೆಯ ಅಂಚಿನಲ್ಲಿ ಕುಳಿತು, ಹಸಿರುಗಟ್ಟಿದ ನೀರಿನಲ್ಲಿ ಕಪ್ಪೆಯೊಂದು ಮುಳುಗುವುದನ್ನು ನೋಡುತ್ತಾ, "ಮಾರಾಯ, ಇಷ್ಟು ಹತ್ತಿದ್ದು ಇದನ್ನು ನೋಡಲಿಕ್ಕಾ?" ಎಂದರು. ನಾನು ಘಟ್ಟದ ಸಾಲನ್ನು ತೋರಿಸಿದೆ. ಅವರು ಸುಮ್ಮನಾದರೂ ಒಪ್ಪಿದಂತೆ ಕಾಣಲಿಲ್ಲ.

ಇಳಿದ ಮೇಲೆ, ಕೆಳಗೆ ಕಾರಿನಲ್ಲಿ ಕಾಯುತ್ತಿದ್ದ ಅಮ್ಮನನ್ನೂ ಅಕ್ಕನನ್ನೂ ಕರೆದುಕೊಂಡು, ಬೊಂಡ (ಎಳನೀರು) ಕುಡಿದು, ಉಜಿರೆಯ ದಾರಿಯಾಗಿ ಧರ್ಮಸ್ಥಳಕ್ಕೆ ಹೋದೆವು. ಅಲ್ಲಿನ ಮಂಜೂಷಾ ವಸ್ತುಸಂಗ್ರಹಾಲಯ ಡಾ. ವೀರೇಂದ್ರ ಹೆಗ್ಗಡೆಯವರ ಸಂಗ್ರಹಾಸಕ್ತಿಯಿಂದ ಬೆಳೆದದ್ದು. ಮಂಜೂಷಾ ಎಂದರೆ ಪೆಟ್ಟಿಗೆ. ಈ ಪೆಟ್ಟಿಗೆಯಲ್ಲಿ ತುಂಬಿದ್ದನ್ನೆಲ್ಲ ಹೇಳಲು ಹೊರಟರೆ ಅದೊಂದು ದಿನಸಿ ಚೀಟಿಯಂತಾದೀತು. ತಾಳೆಗರಿ, ನಾಣ್ಯ, ಗಡಿಯಾರ, ಕ್ಯಾಮೆರಾ, ವಾದ್ಯ, ವರ್ಣಚಿತ್ರ, ಮರದ ರಥ, ಹೀಗೆ ಸಾಗುತ್ತದೆ. ಹಳೆಯ ಕಾರುಗಳಿಗೆ ಬೇರೆಯೇ ಸಂಗ್ರಹಾಲಯವಿದೆ. ತಾಳೆಗರಿಗಳ ಮುಂದೆ ಅಮ್ಮ ಬಹಳ ಹೊತ್ತು ನಿಂತರು. ಕಬ್ಬಿಣದ ಕಂಟದಿಂದ (ಮೊನೆಯ ಲೇಖನಿ) ಕೊರೆದು ಮಸಿ ಉಜ್ಜಿದ ಅಕ್ಷರಗಳು, ದಾರ ಪೋಣಿಸುವ ತೂತಿನ ಸುತ್ತ ಬರೆಯದೆ ಬಿಟ್ಟ ಜಾಗ, ಇವನ್ನು ಮೊಮ್ಮಗಳಿಗೆ ತೋರಿಸಿ, ತಮ್ಮ ಅಜ್ಜನ ಮನೆಯ ಅಟ್ಟದಲ್ಲಿಯೂ ಇಂಥದೊಂದು ಕಟ್ಟು ಇತ್ತೆಂದೂ ಅದು ಗೆದ್ದಲಿನ ಪಾಲಾಯಿತೆಂದೂ ಹೇಳಿದರು.

ನನಗೂ ಭಾವನಿಗೂ ಅಷ್ಟು ಹೊತ್ತು ನಿಲ್ಲಲಾಗಲಿಲ್ಲ. ಗಡಾಯಿಕಲ್ಲನ್ನು ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಆ ಇಳಿತ ಮುಗಿಸಿದ ಕಾಲುಗಳು ಗಾಜಿನ ಪೆಟ್ಟಿಗೆಯ ಮುಂದೆ ನಿಂತೊಡನೆ ನಡುಗಲು ತೊಡಗಿದವು. ಎರಡನೆಯ ಕೋಣೆಯಿಂದ ಮುಂದೆ ನಾವು ನೋಡಿದ್ದು ಕುಳಿತುಕೊಳ್ಳಲು ಎಲ್ಲಾದರೂ ಜಾಗವಿದೆಯೇ ಎಂಬುದನ್ನು ಮಾತ್ರ. ಇದು ಸಂಗ್ರಹಾಲಯದ ದೋಷವಲ್ಲ. ಆದರೆ ದಣಿವಿಲ್ಲದೆ ಹೋದವರಿಗೂ ಅಲ್ಲಿನ ವಸ್ತುಗಳ ಸಂಖ್ಯೆಯೇ ಒಂದು ತೊಡಕು ಎಂದು ನನ್ನ ಅಭಿಪ್ರಾಯ: ಮೊದಲ ಐದು ಗಡಿಯಾರ ನೆನಪಿರುತ್ತವೆ, ಆಮೇಲಿನವು ಒಂದಕ್ಕೊಂದು ಬೆರೆತುಹೋಗುತ್ತವೆ. ಒಂದೆರಡು ವಿಭಾಗಗಳನ್ನು ಆರಿಸಿಕೊಂಡು ನೋಡುವುದು ಲೇಸು.

ಎರಡು ದಿನ ಬಿಟ್ಟು, ಕಾಲುನೋವು ಇಳಿದ ಮೇಲೆ, ನಗರದಲ್ಲೇ ಇರುವ ಬಾವುಟಗುಡ್ಡೆಗೆ ಹೋದೆವು. ಗುಡ್ಡವೇನೋ ಇದೆ, ಕೋಟೆ ಇಲ್ಲ. ಆದರೆ ಸಂತ ಅಲೋಶಿಯಸ್ ಕಾಲೇಜಿನ (ಈಗ ಪರಿಗಣಿತ ವಿಶ್ವವಿದ್ಯಾಲಯ) ಅಲೋಶಿಯಂ ಎಂಬ ವಸ್ತುಸಂಗ್ರಹಾಲಯವಿದೆ. 1913ರಲ್ಲಿ ಇಟಲಿಯ ಜೆಸುಯಿಟ್ ಪಾದ್ರಿ ಕಿಯಾಪಿಯವರು ಆರಂಭಿಸಿದ ಈ ಸಂಗ್ರಹ ಮಂಜೂಷಾದ ಮುಂದೆ ತೀರಾ ಚಿಕ್ಕದು. ಹಾಗಿದ್ದೂ ಅಕ್ಕನ ಮಗಳಿಗೆ ಮೂರರಲ್ಲಿ ಹೆಚ್ಚು ಹಿಡಿಸಿದ್ದು ಇದೇ, ಕಾರಣ ಮಂಗಳೂರಿನ ಮೊದಲ ಕಾರು ಎಂದು ಹೆಸರಾದ ಫ್ರಾನ್ಸಿನ ಡಿ ಡಿಯೋನ್ ಬೂತಾನ್. "ಮಾಮ, ಇದು ಕಾರಾ, ಜಟಕಾ ಗಾಡಿಯಾ?" ಎಂದು ಅವಳು ಕೇಳಿದ್ದು ಸರಿಯಾದ ಪ್ರಶ್ನೆಯೇ. ಪಕ್ಕದ ಚಾಪೆಲ್‌ನಲ್ಲಿ ಇಟಲಿಯ ಚಿತ್ರಕಾರ ಅಂತೋನಿಯೋ ಮೊಸ್ಕೇನಿ ಇಪ್ಪತ್ತನೆಯ ಶತಮಾನದ ಹೊಸ್ತಿಲಿನಲ್ಲಿ ಬಿಡಿಸಿದ ಚಿತ್ರಗಳು ಗೋಡೆ, ಮಾಳಿಗೆ ಒಂದನ್ನೂ ಬಿಡದೆ ತುಂಬಿವೆ. ನಿಜವಾದ ಭಂಡಾರವೆಂದು ನಾನು ಎಣಿಸುವುದು ಅದನ್ನೇ. ಬೆಂಚಿನಲ್ಲಿ ಕುಳಿತು ತಲೆಯೆತ್ತಿ ನೋಡಬಹುದು ಎಂಬುದು ಅಮ್ಮನಂಥವರಿಗೆ ಸಣ್ಣ ಸೌಲಭ್ಯವೇನಲ್ಲ.

ಕಾಸರಗೋಡು ಜಿಲ್ಲೆಯ ಬೇಕಲವನ್ನು ಏಕೆ ಬಿಟ್ಟೆ ಎಂದು ಕೇಳುವವರಿದ್ದಾರೆ. ಅದು ಕಡಲಂಚಿನ ಕೋಟೆ, ನಲವತ್ತು ಎಕರೆಯಷ್ಟು ವಿಸ್ತಾರ, ಮುರಕಲ್ಲಿನ ಗೋಡೆ ಇಂದಿಗೂ ಗಟ್ಟಿ, ನಡೆಯಲು ಸುಲಭ. ಕೋಟೆ ಕೋಟೆಯಂತೆಯೇ ಕಾಣಬೇಕು ಎನ್ನುವವರಿಗೆ ಗಡಾಯಿಕಲ್ಲಿಗಿಂತ ಅದೇ ಹಿತ. ಆದರೆ ಬೆಟ್ಟವೂ ಇಲ್ಲ, ಭಂಡಾರವೂ ಇಲ್ಲವಾದ್ದರಿಂದ ಈ ಹೋಲಿಕೆಗೆ ಅದನ್ನು ಎಳೆದು ತರಲಿಲ್ಲ.

ನನ್ನನ್ನು ಕೇಳಿದರೆ, ಒಂದೇ ದಿನ ಕೈಯಲ್ಲಿದ್ದು ಮೊಣಕಾಲು ಗಟ್ಟಿಯಿದ್ದವರು ಗಡಾಯಿಕಲ್ಲಿಗೇ ಹೋಗಲಿ. ತುದಿಯಲ್ಲಿ ವಸ್ತುಗಳಿಲ್ಲ ಎಂಬುದನ್ನು ಬುಡದಲ್ಲೇ ಒಪ್ಪಿಕೊಂಡು ಹತ್ತಲಿ. ತಲೆಗೆ ಎರಡು ಲೀಟರ್ ನೀರು ಕಡಿಮೆಯಾಗದಿರಲಿ, ನಾವು ಒಂದೊಂದೇ ಲೀಟರ್ ಒಯ್ದು ಇಳಿಯುವಾಗ ಪರದಾಡಿದೆವು. ಮಳೆಗಾಲದಲ್ಲಿ ಕಲ್ಲು ಜಾರುವುದರಿಂದ ಅರಣ್ಯ ಇಲಾಖೆ ಸಾಮಾನ್ಯವಾಗಿ ಹತ್ತಲು ಬಿಡುವುದಿಲ್ಲ. ಹಿರಿಯರು, ಮಕ್ಕಳು ಜೊತೆಗಿದ್ದರೆ ಬಾವುಟಗುಡ್ಡೆ ಸಾಕು, ಅರ್ಧ ದಿನದ ಕೆಲಸ. ಮಂಜೂಷಾಕ್ಕೆ ಧರ್ಮಸ್ಥಳದಲ್ಲಿ ರಾತ್ರಿ ತಂಗಿ, ಮರುದಿನ ಬೆಳಿಗ್ಗೆ ಹೋಗುವುದು ಒಳ್ಳೆಯದು. ಅಮ್ಮ ಈಗಾಗಲೇ ಮತ್ತೊಮ್ಮೆ ಹೋಗಬೇಕೆಂದಿದ್ದಾರೆ, ತಾಳೆಗರಿಗಳಿಗಾಗಿ. ಭಾವ ಮಾತ್ರ ಎಲ್ಲಿಗಾದರೂ ಸರಿ, ಮೆಟ್ಟಿಲಿರಬಾರದು ಎಂದಿದ್ದಾರೆ.